ಹತ್ತು ನಿಮಿಷದ ಮರ

ಎಂಟು ಜನ ಮರದ ಕೆಳಗೆ ಅಂಗಾತ ಮಲಗಿ ಮೇಲೆ ನೋಡುತ್ತಿದ್ದರು. ಲೈನ್‌ಮನ್ ಒಬ್ಬ ಮಾತ್ರ ನಿಂತು ತನ್ನ ಚಪ್ಪಲಿ ನೋಡುತ್ತಿದ್ದ.

ತಮ್ಮವರನ್ನು ಕಳೆದುಕೊಂಡ ಈ ಒಂಬತ್ತು ಜನ ಐದು ವಾರಗಳಿಂದ ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಮಾತಾಡಿದ್ದರು. ಆರನೇ ವಾರ ಆಪ್ತಸಮಾಲೋಚಕಿ ಎಲ್ಲರನ್ನೂ ಕಟ್ಟಡದ ಹಿಂದಕ್ಕೆ ಕರೆತಂದು, ಮಾತು ಸಾಕು, ಹತ್ತು ನಿಮಿಷ ಸುಮ್ಮನೆ ಮರ ನೋಡಿ ಎಂದರು. ಅವರು ಕೇಳಿದ್ದು ಅಷ್ಟೇ. ಲೈನ್‌ಮನ್ ಕೈಲಿ ಆಗದೆ ಇದ್ದದ್ದೂ ಅದೊಂದೇ.

ಮೂರು ತಿಂಗಳ ಹಿಂದೆ, ತಂತಿಗೆ ತಾಗುತ್ತಿದ್ದ ಕೊಂಬೆ ಕಡಿಯಲು ಜೊತೆಗಾರ ಮರ ಹತ್ತಿದ್ದ. ಇವನು ಕೆಳಗೆ ಹಗ್ಗ ಹಿಡಿದು ನೋಡುತ್ತಿದ್ದ. ಲೈನ್ ಆಫ್ ಆಗಿದೆ ಎಂದು ಇಬ್ಬರಿಗೂ ಹೇಳಿದ್ದರು. ಆಗಿರಲಿಲ್ಲ. ಅಂದಿನಿಂದ ಇವನ ಕತ್ತು ಮೇಲೇಳುವುದಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಗಟ್ಟಿಮುಟ್ಟಾಗಿದೆ ಎಂದು ಬೆನ್ನು ತಟ್ಟಿ ಕಳಿಸಿದ್ದರು. ಮಗಳು ಮಹಡಿಯಿಂದ ಅಪ್ಪಾ ಎಂದು ಕೂಗಿದರೆ ನೆಲ ನೋಡುತ್ತಲೇ ಕೈ ಬೀಸುತ್ತಿದ್ದ. ಈಚೆಗೆ ಅವಳು ಕೂಗುವುದನ್ನೇ ಬಿಟ್ಟಿದ್ದಳು.

ಸಮಾಲೋಚಕಿ ಬಲವಂತ ಮಾಡಲಿಲ್ಲ. ಬೇಡವಾದರೆ ಬುಡವನ್ನೇ ನೋಡಿ ಎಂದರು. ಅವನು ಬುಡ ನೋಡಿದ. ಬೇಗ ಬೆಳೆಯುವ ಜಾತಿ, ವರ್ಷಕ್ಕೆರಡು ಸಲ ಸವರಬೇಕು ಅಂದುಕೊಂಡ. ಇನ್ನು ಹೊರಟುಬಿಡುವುದೇ ಸರಿ, ಮುಂದಿನ ವಾರ ಬರುವುದೂ ಬೇಡ ಎಂದು ಗೇಟಿನ ಕಡೆ ತಿರುಗಿದ.

ಆಗ ಅವನ ಕಾಲ ಬಳಿ ಮಲಗಿದ್ದ ಟೈಲರಮ್ಮ ತಮ್ಮಷ್ಟಕ್ಕೇ ಎಂಬಂತೆ ಅಂದರು, “ಅಲ್ಲೊಂದು ಕಪ್ಪು ಗಂಟು ಕಾಣ್ತಿದೆಯಲ್ಲಪ್ಪಾ. ದಾರ ಸಿಕ್ಕಾದ ಹಾಗೆ.”

“ಕವಲಲ್ಲಾ?” ಅವನ ಬಾಯಿಂದ ತಾನಾಗಿ ಬಂತು.

“ಹೂಂ, ಕವಲಲ್ಲೇ.”

“ಕಾಗೆ ಗೂಡು.” ಗೇಟಿನ ಕಡೆಯಿಂದ ಇತ್ತ ತಿರುಗಿ ಕೇಳಿದ, “ಅದರಲ್ಲಿ ತಂತಿ ಇದೆಯಾ ನೋಡಿ. ಕಡ್ಡಿ ಜೊತೆ ತಂತಿ ಚೂರೂ ತಂದು ಹೆಣೀತವೆ. ಕಂಬದ ಮೇಲೆ ಕಟ್ಟಿದ್ರೆ ನಮಗೆ ಅದೇ ದೊಡ್ಡ ತಲೆನೋವು.”

“ಹೊಲಿದು ಹೊಲಿದು ಸವೆದ ಕಣ್ಣು ನಂದು. ಗಂಟು ಕಂಡಿದ್ದೇ ಪುಣ್ಯ. ಒಳಗಿನ ಸುದ್ದಿ ನಾನು ಹೇಳಿದ್ರೆ ಬರೀ ಬುರುಡೆ ಆಗುತ್ತೆ.”

ಹಾಗೆಂದು ಅವರು ತಾವು ಮಲಗಿದ್ದ ಚಾಪೆಯ ಅಂಚಿಗೆ ಸರಿದು ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಮಾಡಿದರು.

ಅವನು ಕೂತ. ಮೊಣಕೈ ಊರಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಮಲಗಿದ. ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದ.

“ತಂತಿ ಇದೆ ಅಮ್ಮಾ. ಮರೀನೂ ಇದೆ. ಗೂಡಿನ ಅಂಚಿಗೆ ಬಂದು ನಿಂತಿದೆ.” ಕಣ್ಣಿನ ನೀರು ಎರಡೂ ಕಡೆ ಕಿವಿಗೆ ಇಳಿಯುತ್ತಿತ್ತು; ಅವನು ಒರೆಸಿಕೊಳ್ಳಲಿಲ್ಲ.

“ಅಷ್ಟು ಎತ್ತರದಲ್ಲಾ? ಪಾಪ, ಅದಕ್ಕೆ ಭಯ ಆಗಲ್ವಾ?”

“ಮೇಲಿರೋರಿಗೆ ಭಯ ಇರಲ್ಲ ಅಮ್ಮಾ,” ಎಂದ ಅವನು, ಗೂಡಿನಿಂದ ಕಣ್ಣು ಕೀಳದೆ. “ಕೆಳಗೆ ನಿಂತು ನೋಡೋರಿಗೇ.”