ಹೂಂಗುಟ್ಟುವ ಜಾಗ

“ಅಕ್ಕಾ, ಕಥೆ ಹೇಳ್ತಾ ಹೇಳ್ತಾ ಸುಮ್ನಾಗ್ತೀಯಲ್ಲ, ಅದನ್ನೆಲ್ಲಾ ಕತ್ತರಿಸಿ ಬಿಸಾಕು. ಹೊಸ ಚಾನೆಲ್ಲು, ನೀನು ಬಾಯಿ ಮುಚ್ಚಿದ್ರೆ ಜನ ಎದ್ದು ಹೋಗ್ತಾರೆ,” ಎಂದ ತಮ್ಮ ಫೋನಿನಲ್ಲಿ.

“ಅದು ಕೇಳೋರು ಹೂಂಗುಟ್ಟೋ ಜಾಗ ಕಣೋ. ಹೂಂ ಅನ್ನದಿದ್ರೆ ಅಜ್ಜಿ ಮುಂದಕ್ಕೇ ಹೇಳ್ತಿರ್ಲಿಲ್ಲ.”

“ಅಜ್ಜಿಗೆ ನಾವಿದ್ವಿ. ನಿನ್ನ ವಿಡಿಯೊ ನನ್ನ ಬಿಟ್ರೆ ನೋಡಿರೋದು ಒಬ್ರೇ, ಅದೂ ನೀನೇ!” ನಕ್ಕು ಫೋನಿಟ್ಟ.

ಬಾಡಿಗೆ ಕೋಣೆ ಮತ್ತೆ ನಿಶ್ಶಬ್ದವಾಯಿತು. ಫೋನಿನ ತೆರೆಯಲ್ಲಿದ್ದ ಕತ್ತರಿಯ ಗುರುತಿನ ಮೇಲೆ ಬೆರಳಿಡಲು ಸಿದ್ಧಳಾಗಿ ಅವಳು ವಿಡಿಯೊ ಓಡಿಸಿದಳು. “ರಾಜಕುಮಾರಿ ಬಾವಿಯೊಳಗೆ ಇಣುಕಿದಳು,” ಎಂದು ಹೇಳಿ ಅವಳದೇ ಮುಖ ಸುಮ್ಮನಾಯಿತು; ಹುಬ್ಬೇರಿಸಿ, ಇತ್ತಲೇ ನೋಡುತ್ತಾ, ಆಸೆಯಿಂದ ಕಾಯುತ್ತಾ ಕೂತಿತು. ಬೆರಳು ಮುಂದಕ್ಕೆ ಹೋಗಲಿಲ್ಲ.

“ಹೂಂ,” ಎಂದಳು ಮೆಲ್ಲಗೆ.

ತೆರೆಯ ಮೇಲಿನ ಮುಖ ತಲೆದೂಗಿ, ಕಥೆ ಮುಂದುವರಿಸಿತು.