ಡಿಂಬಲ್ಟನ್ನರ ತಲೆ ಎಣಿಕೆ

ಇಂಗ್ಲೆಂಡಿನಲ್ಲಿ ಡಿಂಬಲ್ಟನ್ ಎಂಬ ಮನೆತನದ ಹೆಸರು ಹೊತ್ತವರು ಒಂಬತ್ತೇ ಜನ ಉಳಿದಿದ್ದರು. ಅವರಿಗೊಂದು ಸಂಘ. ಅಸಲಿ ರಕ್ತಸಂಬಂಧಿಗಳಿಗೆ ಮಾತ್ರ ಪ್ರವೇಶ. ಅದರ ಮುದಿ ಅಧ್ಯಕ್ಷ ಹುಬ್ಬಳ್ಳಿಯ ರೈಲ್ವೆ ಕಾಲನಿಗೆ ಬಂದಿಳಿದಾಗ ಎಸ್ತೇರಮ್ಮ ಡಿಂಬಲ್ಟನ್ನರ ಅಂಗಳದ ತುಂಬ ಡಿಂಬಲ್ಟನ್ನರು! ಆತ ತಲೆ ಎಣಿಸಿದ. ನಲವತ್ತಾರು! ಎಲ್ಲರ ಹೆಸರನ್ನೂ ಸಂಘದ ಪಟ್ಟಿಗೆ ಬರೆದುಕೊಂಡು, ಕೈಯಲ್ಲಿದ್ದ ಮಿರ್ಚಿ ಭಜಿಯನ್ನೂ ಬಿಡದೆ ಕುಣಿದೇಬಿಟ್ಟ.

"ನಿಮ್ಮ ಹಿರಿಯ ಯಾವ ಊರಿಂದ ಬಂದಾಂವ ಅಂತ ಕೇಳಾಕತ್ತಾರ, ಅಜ್ಜಿ," ಎಂದಳು, ಅವನ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ ಎಸ್ತೇರಮ್ಮನ ಮೊಮ್ಮಗಳು ಸೆಲೀನಾ.

"ಎಲ್ಲಿಂದ ಬರ್ತಾನ? ಇಲ್ಲೇ ಗದಗಿನ ಕಡೆಯಾಂವ. ಸಂತ್ಯಾಗ ಒಂದು ಹಳೇ ಟ್ರಂಕ್ ಕೊಂಡು, ರೈಲ್ವೆ ನೌಕರಿಗೆ ಸೇರೋ ದಿನ ಹೊತಗೊಂಡು ಹೋಗಿದ್ದ. ಅದರ ಮ್ಯಾಲೆ ಯಾವನೋ ಸಾಹೇಬನ ಹೆಸರಿತ್ತು. ಗುಮಾಸ್ತ ಅದನ್ನ ನೋಡಿ ಇವನ ಹೆಸರಂತ ಬರಕೊಂಡ."

"ಅಯ್ಯ ಅಜ್ಜಿ, ಇದನ್ನ ಹೆಂಗ ಹೇಳ್ಲಿ? ಎಲ್ಲಾರ ಹೆಸರೂ ಸಂಘದಿಂದ ಹೊಡದ ಹಾಕ್ತಾರ!"

"ಹಾಕಲಿ. ಮನಿಗೆ ಬಂದವರಿಗೆ ಮಿರ್ಚಿ ತಿನ್ನಿಸಿ ಸುಳ್ಳು ಹೇಳೂದು ನನ್ನ ಕೈಲೆ ಆಗೂದಿಲ್ಲ."

ಸೆಲೀನಾ ಹೇಳಿದಳು. ಕುಣಿತ ನಿಂತಿತು. ಮುದುಕನ ಮುಖ ಕೆಂಪಗಾಯಿತು, ಹೊಟ್ಟೆ ಅಲುಗಾಡಿತು. ಬರುತ್ತಿದ್ದ ನಗೆಯನ್ನು ತಡೆಯಲಾರದೆ ಅವಳ ಕಿವಿಯಲ್ಲಿ ಏನೋ ಉಸುರಿದ.

"ಏನಂತಾನವ್ವ?"

"ಸಂಘದಾಗ ಯಾರಿಗೂ ಹೇಳಬ್ಯಾಡ್ರಿ ಅಂತಾರ, ಅಜ್ಜಿ. ಅವರ ಮುತ್ತಜ್ಜ ಚರ್ಚಿನ ಮೆಟ್ಟಿಲ ಮ್ಯಾಲೆ, ಸೋಪಿನ ಪೆಟ್ಟಿಗ್ಯಾಗ ಸಿಕ್ಕ ಕೂಸಂತ. ಹೆಸರು ಆ ಪೆಟ್ಟಿಗಿ ಮ್ಯಾಲಿಂದು."