ದಂಡ ಖರ್ಚು

ಬ್ಯಾಂಕಿನ ಮುದ್ರಣ ಯಂತ್ರ ಮೂರನೇ ಸಲವೂ ಪಾಸ್‌ಬುಕ್ಕನ್ನು ಹೊರಗೆ ತಳ್ಳಿತು. ‘ಮುಂದಿನ ಪುಟ ತೆರೆದು ಹಾಕಿ’ ಎಂದು ಪರದೆಯ ಮೇಲೆ ಮೂಡಿತು. ಮುದುಕ ಹಿರಾನುಮಾಗೆ ಮೈಯೆಲ್ಲ ಉರಿಯಿತು. “ಪುಟ ತಿರುಗಿಸೋದು ಇದರ ಕೆಲಸ ಅಲ್ವೇನಮ್ಮ?”

ಗಿರಾಕಿಗಳ ನೆರವಿಗೆಂದು ನಿಂತಿದ್ದ ಬ್ಯಾಂಕಿನ ಹುಡುಗಿ ಓಡಿಬಂದು ನಡು ಬಗ್ಗಿಸಿದಳು. “ಕ್ಷಮಿಸಿ ಯಜಮಾನ್ರೇ, ಹಳೇ ಮಿಷನ್ನು ತಾನೇ ತಿರುಗಿಸ್ತಿತ್ತು. ಹೊಸದ್ರಲ್ಲಿ ಆ ಭಾಗಾನೇ ಇಲ್ಲ. ದಂಡ ಖರ್ಚು ಅಂತ ತೆಗೆದುಬಿಟ್ರಂತೆ.”

ದಂಡ ಖರ್ಚು! ಆ ಭಾಗಕ್ಕಾಗಿ ಹಿರಾನುಮಾ ನಗೋಯಾದ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಜೀವ ತೇದಿದ್ದ. ಬೆರಳಿನ ಹಾಗೆ ಹಾಳೆಯನ್ನು ಮೆಲ್ಲನೆ ಒತ್ತಿ, ಹಿಂದಕ್ಕೆ ಸರಿಸಿ, ಉಬ್ಬಿಸಿ, ಒಂದೇ ಒಂದನ್ನು ಮಗುಚುವ ರಬ್ಬರಿನ ಉರುಳೆ ಅದು. ಮಳೆಗಾಲದ ಜಿಗುಟು ಹಾಳೆಗೂ ಅದು ಸೋಲಬಾರದೆಂದು, ಹೆಂಡತಿ ಬೈಯುತ್ತಿದ್ದರೂ ಬಚ್ಚಲ ಹಬೆಯಲ್ಲಿ ಪಾಸ್‌ಬುಕ್ಕುಗಳನ್ನು ನೇತುಹಾಕಿ ನೆನೆಸಿ ತಂದು ಪರೀಕ್ಷಿಸಿದ್ದ.

“ಕೊಡಿ, ಅದೇನ್ ಮಹಾ, ನಾನೇ ತಿರುಗಿಸ್ತೀನಿ,” ಎಂದು ಹುಡುಗಿ ಹಾಳೆ ಮಗುಚಿ ಪುಸ್ತಕವನ್ನು ಒಳಕ್ಕೆ ತೂರಿಸಿದಳು. ಯಂತ್ರ ಮತ್ತೆ ಉಗುಳಿತು.

ಹಿರಾನುಮಾ ಅದನ್ನೆತ್ತಿ ಅವಳ ಕಣ್ಣೆದುರು ಹಿಡಿದ. “ಎರಡು ಹಾಳೆ ಒಟ್ಟಿಗೆ ತಿರುಗಿಸಿದೀಯ ಕಣಮ್ಮ. ನಿಮ್ಮ ಆ ದಂಡ ಖರ್ಚು ಇಪ್ಪತ್ತಾರು ವರ್ಷದಲ್ಲಿ ನನ್ನ ಪುಸ್ತಕಕ್ಕೆ ಒಂದ್ಸಲಾನೂ ಹೀಗೆ ಮಾಡಿರಲಿಲ್ಲ!”